ಸರ್ಕಾರದ ವಕೀಲರ ಕಡತ: ಮಿನ್ನೆಸೋಟದ ಅಟಾರ್ನಿ ಜನರಲ್ ಕಚೇರಿ ಉಳಿಸಿಹೋದ ದಾಖಲೆಗಳು

ಕರ್ನಾಟಕದ ಅಡ್ವೊಕೇಟ್ ಜನರಲ್ ಅವರನ್ನು ಸಂವಿಧಾನದ 165ನೇ ವಿಧಿಯ ಪ್ರಕಾರ ರಾಜ್ಯಪಾಲರು ನೇಮಿಸುತ್ತಾರೆ. ಸರ್ಕಾರ ಬದಲಾದರೆ ಅವರೂ ಬದಲಾಗುವುದು ರೂಢಿ. ಅಮೆರಿಕದ ರಾಜ್ಯಗಳಲ್ಲಿ ಇದಕ್ಕೆ ಸಮನಾದ ಹುದ್ದೆ ಅಟಾರ್ನಿ ಜನರಲ್‌ರದು. ಅಲ್ಲಿನ 50 ರಾಜ್ಯಗಳ ಪೈಕಿ 43ರಲ್ಲಿ ಅವರನ್ನು ಮತದಾರರೇ ಆರಿಸುತ್ತಾರೆ. ಹಾಗೆ ಗೆದ್ದು ಬಂದವರು ಗವರ್ನರ್ ಪಕ್ಷದವರೇ ಆಗಿರಬೇಕೆಂದಿಲ್ಲ. ಹಾಗಾದರೆ ಅವರ ಕಕ್ಷಿದಾರರು ಯಾರು? ಅಧಿಕಾರದಲ್ಲಿರುವ ಸರ್ಕಾರವೋ, ಶಾಸನಸಭೆ ಮಾಡಿದ ಕಾನೂನೋ, ಮತ ಹಾಕಿದ ಜನರೋ? ಸಂವಿಧಾನದ ವಿಧಿಗಳನ್ನು ಎಷ್ಟು ಓದಿದರೂ ಇದಕ್ಕೆ ಪೂರ್ತಿ ಉತ್ತರ ಸಿಗದು. ಉತ್ತರ ಇರುವುದು ಆ ಕಚೇರಿಯ ಕಡತಗಳಲ್ಲಿ, ಪತ್ರಗಳಲ್ಲಿ, ರಾಜಿ ಒಪ್ಪಂದಗಳ ಷರತ್ತುಗಳಲ್ಲಿ. ಮಿನ್ನೆಸೋಟ ರಾಜ್ಯದ ಉದಾಹರಣೆಯಿಂದ ಇದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮಿನ್ನೆಸೋಟ 1849ರಲ್ಲಿ ಫೆಡರಲ್ ಆಡಳಿತದ ಪ್ರಾಂತ್ಯವಾಯಿತು. ಲೊರೆಂಜೊ ಬ್ಯಾಬ್‌ಕಾಕ್ ಅದರ ಮೊದಲ ಅಟಾರ್ನಿ ಜನರಲ್. 1858ರಲ್ಲಿ ಅದು ರಾಜ್ಯವಾದಾಗ ಚಾರ್ಲ್ಸ್ ಬೆರಿ ಚುನಾಯಿತರಾಗಿ ಬಂದರು. ಅದೇ 1849ರಲ್ಲಿ, ರಾಜ್ಯವಾಗುವುದಕ್ಕೆ ಒಂಬತ್ತು ವರ್ಷ ಮೊದಲೇ, ಅಲ್ಲಿನ ಪ್ರಾಂತೀಯ ಶಾಸನಸಭೆ ಮಿನ್ನೆಸೋಟ ಹಿಸ್ಟಾರಿಕಲ್ ಸೊಸೈಟಿಯನ್ನು ಸ್ಥಾಪಿಸಿತು. ರಾಜ್ಯದ ಪತ್ರಾಗಾರ ಇಂದು ಇರುವುದು ಸೇಂಟ್ ಪಾಲ್ ನಗರದ ಈ ಸಂಸ್ಥೆಯಲ್ಲೇ. ಇನ್ನೂ ಸರಿಯಾಗಿ ರೂಪುಗೊಳ್ಳದ ಸರ್ಕಾರವೊಂದು ತನ್ನ ಕಾಗದಪತ್ರಗಳ ಭವಿಷ್ಯವನ್ನು ಮುಂಚಿತವಾಗಿಯೇ ಯೋಚಿಸಿತ್ತು ಎಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಕಚೇರಿಯ ದಾಖಲೆಗಳಲ್ಲಿ ಮೇಲ್ನೋಟಕ್ಕೆ ನೀರಸವಾಗಿ ಕಾಣುವವು ಲಿಖಿತ ಅಭಿಪ್ರಾಯಗಳು. ಪಟ್ಟಣ, ಕೌಂಟಿ, ಶಾಲಾ ಮಂಡಳಿಗಳ ವಕೀಲರು ಕೇಳಿದ ಕಾನೂನಿನ ಪ್ರಶ್ನೆಗಳಿಗೆ ಅಟಾರ್ನಿ ಜನರಲ್ ಕೊಟ್ಟ ಉತ್ತರಗಳಿವು. ಮಿನ್ನೆಸೋಟದ ಶಾಸನದಂತೆ, ಶಾಲೆಗಳಿಗೆ ಸಂಬಂಧಪಟ್ಟ ವಿಷಯದಲ್ಲಿ ನ್ಯಾಯಾಲಯ ಬೇರೆ ತೀರ್ಪು ಕೊಡುವವರೆಗೆ ಈ ಅಭಿಪ್ರಾಯವೇ ನಿರ್ಣಾಯಕ. ಅಂದರೆ ಕೋರ್ಟಿನ ಮೆಟ್ಟಿಲು ಹತ್ತದ ಎಷ್ಟೋ ವಿಷಯಗಳಲ್ಲಿ ಕಾನೂನು ಎಂದರೆ ಈ ಕಚೇರಿಯ ಕಾಗದವೇ ಆಗಿತ್ತು. ಕ್ರಿಮಿನಲ್ ಮೊಕದ್ದಮೆಗಳ ಮಟ್ಟಿಗೆ ಮಾತ್ರ ಕಚೇರಿಯ ಕೈ ಗಿಡ್ಡ. ಅವನ್ನು ನಡೆಸುವವರು ಸಾಮಾನ್ಯವಾಗಿ ಕೌಂಟಿ ವಕೀಲರು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ಪ್ರಕರಣವನ್ನು ಅಟಾರ್ನಿ ಜನರಲ್ ಕೀತ್ ಎಲಿಸನ್ ವಹಿಸಿಕೊಂಡದ್ದು ಗವರ್ನರ್ ಕೋರಿದ ಮೇಲೆ.

ಈ ಕಚೇರಿಯ ಹೆಸರು ಅಮೆರಿಕದ ಕಾನೂನು ಗ್ರಂಥಗಳಲ್ಲಿ ಉಳಿದದ್ದು ಒಂದು ಸೋಲಿನಿಂದ. 1907ರಲ್ಲಿ ಮಿನ್ನೆಸೋಟದ ಶಾಸನಸಭೆ ರೈಲು ಪ್ರಯಾಣದ ದರವನ್ನು ಮೈಲಿಗೆ ಎರಡು ಸೆಂಟಿಗೆ ಇಳಿಸಿತು. ಸರಕು ಸಾಗಣೆಯ ದರಗಳನ್ನೂ ಕಡಿತಗೊಳಿಸಿತು. ಪ್ರಯಾಣ ದರದ ಕಾನೂನು ಮುರಿದವರಿಗೆ 5,000 ಡಾಲರ್‌ವರೆಗೆ ದಂಡ ಅಥವಾ ಐದು ವರ್ಷದವರೆಗೆ ಸೆರೆವಾಸ, ಇಲ್ಲವೇ ಎರಡೂ. ಇಷ್ಟು ಕಠಿಣ ಶಿಕ್ಷೆಯಿದ್ದರೆ ಕಾನೂನನ್ನು ಮುರಿದು ಅದರ ಸಿಂಧುತ್ವವನ್ನು ಪರೀಕ್ಷೆಗೊಡ್ಡುವ ಧೈರ್ಯ ಯಾವ ನೌಕರನಿಗೂ ಬಾರದು. ನಾರ್ದರ್ನ್ ಪೆಸಿಫಿಕ್ ಮೊದಲಾದ ರೈಲ್ವೆ ಕಂಪನಿಗಳ ಷೇರುದಾರರು ಫೆಡರಲ್ ನ್ಯಾಯಾಲಯಕ್ಕೆ ಹೋಗಿ ಅಟಾರ್ನಿ ಜನರಲ್ ಎಡ್ವರ್ಡ್ ಯಂಗ್ ವಿರುದ್ಧ ತಡೆಯಾಜ್ಞೆ ತಂದರು. ಯಂಗ್ ಮರುದಿನವೇ ರಾಜ್ಯದ ನ್ಯಾಯಾಲಯದಲ್ಲಿ ಕಂಪನಿಯ ಮೇಲೆ ಮ್ಯಾಂಡಮಸ್ ಅರ್ಜಿ ಹಾಕಿದರು. ಫೆಡರಲ್ ನ್ಯಾಯಾಲಯ ಅವರನ್ನು ನ್ಯಾಯಾಂಗ ನಿಂದನೆಯ ತಪ್ಪಿತಸ್ಥರೆಂದು ಹೇಳಿ 100 ಡಾಲರ್ ದಂಡ ವಿಧಿಸಿತು. ಅರ್ಜಿ ಹಿಂತೆಗೆದುಕೊಳ್ಳುವವರೆಗೆ ಮಾರ್ಷಲ್ ವಶದಲ್ಲಿಡಲು ಆದೇಶಿಸಿತು. 1908ರ ಮಾರ್ಚ್ 23ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಂವಿಧಾನಕ್ಕೆ ವಿರುದ್ಧವಾದ ಕಾನೂನನ್ನು ಜಾರಿಗೆ ತರಲು ಹೊರಟ ಅಧಿಕಾರಿ ರಾಜ್ಯದ ರಕ್ಷಣೆಯ ಹಿಂದೆ ನಿಲ್ಲಲಾರ ಎಂಬುದು ನ್ಯಾಯಮೂರ್ತಿ ಪೆಕ್ಹಮ್ ಬರೆದ ತೀರ್ಪಿನ ತಿರುಳು. ಭಿನ್ನಮತ ದಾಖಲಿಸಿದವರು ಹಾರ್ಲನ್ ಒಬ್ಬರೇ. ಅಂದು ರೈಲ್ವೆ ಒಡೆಯರ ಕೈಗೆ ಸಿಕ್ಕ ಈ ಅಸ್ತ್ರವನ್ನೇ ಮುಂದೆ ನಾಗರಿಕ ಹಕ್ಕುಗಳ ಹೋರಾಟಗಾರರು ರಾಜ್ಯಗಳ ವಿರುದ್ಧ ಬಳಸಿದರು.

ಎರಡನೆಯ ಸೋಲು 1931ರದು. ಮಾನಹಾನಿಕರ ಪತ್ರಿಕೆಗಳನ್ನು ಸಾರ್ವಜನಿಕ ಉಪದ್ರವವೆಂದು ಘೋಷಿಸಿ ಮುಚ್ಚಿಸಲು 1925ರ ಮಿನ್ನೆಸೋಟ ಕಾನೂನು ಅವಕಾಶ ಕೊಟ್ಟಿತ್ತು. ಮಿನಿಯಾಪೊಲಿಸ್‌ನ ವಾರಪತ್ರಿಕೆಯೊಂದರ ಬಾಯಿ ಮುಚ್ಚಿಸಲು ಕೌಂಟಿ ವಕೀಲರು ಆ ಕಾನೂನನ್ನು ಬಳಸಿದರು; ಸುಪ್ರೀಂ ಕೋರ್ಟಿನಲ್ಲಿ ಅದನ್ನು ಸಮರ್ಥಿಸುವ ಹೊಣೆ ಅಟಾರ್ನಿ ಜನರಲ್ ಕಚೇರಿಯ ಮೇಲೆ ಬಿತ್ತು. ನಾಲ್ವರ ವಿರುದ್ಧ ಐವರ ಬಹುಮತದಲ್ಲಿ ರಾಜ್ಯ ಸೋತಿತು. ಆ ಪತ್ರಿಕೆ ಯೆಹೂದ್ಯರ ಮೇಲೆ ವಿಷ ಕಾರುತ್ತಿತ್ತು ಎಂಬುದನ್ನು ಮರೆಯಬಾರದು. ಹಾಗಿದ್ದೂ ಪ್ರಕಟಣೆಗೆ ಮೊದಲೇ ಪತ್ರಿಕೆಯ ಕೈ ಕಟ್ಟಬಾರದೆಂಬ ತತ್ವ ಅಲ್ಲಿ ನೆಲೆಯೂರಿತು.

ಇವೆರಡರಲ್ಲೂ ಕಚೇರಿ ಶಾಸನಸಭೆಯ ವಕೀಲನಾಗಿಯೇ ನಡೆದುಕೊಂಡಿತು. 1960ರ ದಶಕದಲ್ಲಿ ಅದರ ನಡೆ ಬೇರೆಯಾಯಿತು. ಫ್ಲೋರಿಡಾದ ಬಡ ಕೈದಿ ಕ್ಲಾರೆನ್ಸ್ ಗಿಡಿಯನ್ ತನಗೆ ವಕೀಲರನ್ನು ಒದಗಿಸದೆ ವಿಚಾರಣೆ ನಡೆಸಿದರೆಂದು ಸೆರೆಮನೆಯಿಂದ ಸುಪ್ರೀಂ ಕೋರ್ಟಿಗೆ ಕೈಬರಹದಲ್ಲಿ ಅರ್ಜಿ ಬರೆದಿದ್ದರು. ಬಡ ಆರೋಪಿಗಳಿಗೆಲ್ಲ ವಕೀಲರನ್ನು ಕೊಡುವ ಕಟ್ಟುಪಾಡು ರಾಜ್ಯಗಳಿಗಿಲ್ಲ ಎಂಬ 1942ರ ತೀರ್ಪೇ ಆಗಿನ್ನೂ ಚಾಲ್ತಿಯಲ್ಲಿತ್ತು. ಅದನ್ನು ಉಳಿಸಿಕೊಳ್ಳಲು ಫ್ಲೋರಿಡಾದ ಅಟಾರ್ನಿ ಜನರಲ್ ಕಚೇರಿಯಿಂದ ಉಳಿದ ರಾಜ್ಯಗಳಿಗೆ ಪತ್ರ ಹೋಯಿತು. ಇದು ರಾಜ್ಯಗಳ ಅಧಿಕಾರದ ಪ್ರಶ್ನೆ, ನಮ್ಮ ಜೊತೆ ನಿಲ್ಲಿ ಎಂಬುದು ಅದರ ಕೋರಿಕೆ. ಮಿನ್ನೆಸೋಟದ ಅಟಾರ್ನಿ ಜನರಲ್ ಆಗಿದ್ದ ವಾಲ್ಟರ್ ಮಾಂಡೇಲ್, ಮುಂದೆ ದೇಶದ ಉಪಾಧ್ಯಕ್ಷರಾದವರು, ಒಪ್ಪಲಿಲ್ಲ. ಮ್ಯಾಸಚೂಸೆಟ್ಸ್‌ನ ಎಡ್ವರ್ಡ್ ಮೆಕಾರ್ಮಕ್ ಅವರೊಂದಿಗೆ ಸೇರಿ ಅವರು ಗಿಡಿಯನ್ ಪರವಾಗಿಯೇ ರಾಜ್ಯಗಳನ್ನು ಒಗ್ಗೂಡಿಸಿದರು. ಕೊನೆಗೆ 22 ರಾಜ್ಯಗಳು ಕೈದಿಯ ಪರ ನಿಂತವು. ಫ್ಲೋರಿಡಾದ ಬೆನ್ನಿಗೆ ನಿಂತದ್ದು ಎರಡೇ. 1963ರ ಮಾರ್ಚ್ 18ರಂದು ಪೀಠ ಒಮ್ಮತದಿಂದ ಗಿಡಿಯನ್ ಪರ ತೀರ್ಪಿತ್ತಿತು.

ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ ಬರೆದ ತೀರ್ಪಿನಲ್ಲಿ ಆ 22 ರಾಜ್ಯಗಳ ಪ್ರಸ್ತಾಪವಿದೆ. ಆದರೆ ಅವು ಒಟ್ಟಾದ ಬಗೆ ಅದರಲ್ಲಿಲ್ಲ. ಸಹಾಯ ಬೇಡಿದ ಪತ್ರವೇ ಎದುರು ಪಕ್ಷವನ್ನು ಕಟ್ಟಿದ ಕಥೆ ತಿಳಿಯಲು ಪತ್ರವ್ಯವಹಾರವನ್ನೇ ಓದಬೇಕು. ಬಡ ಆರೋಪಿಯ ಹಕ್ಕನ್ನು ಸರ್ಕಾರಿ ವಕೀಲರೇ ಎತ್ತಿ ಹಿಡಿದರು ಎಂಬ ಈ ಅಪೂರ್ವ ಸಂಗತಿ ತೀರ್ಪುಗಳನ್ನಷ್ಟೇ ಓದುವ ಇತಿಹಾಸಕಾರರ ಕಣ್ಣಿಗೆ ಅರ್ಧ ಮಾತ್ರ ಬೀಳುತ್ತದೆ.

ಇಂಥ ಪತ್ರಗಳು ಮುಂದೆ ಸುಲಭವಾಗಿ ಸಿಗುವುದು ಅನುಮಾನ. ಹವಾಮಾನ ಬದಲಾವಣೆಯ ದಾವೆಗಳ ವಿಚಾರದಲ್ಲಿ ಬೇರೆ ರಾಜ್ಯಗಳ ಅಟಾರ್ನಿ ಜನರಲ್‌ಗಳ ಜೊತೆ ನಡೆದ ಪತ್ರವ್ಯವಹಾರವನ್ನು ಕೊಡಿ ಎಂದು ಒಂದು ಸಂಘಟನೆ ಎಲಿಸನ್ ಕಚೇರಿಯನ್ನು ಕೇಳಿತು. ಒಂದೇ ಹಿತಾಸಕ್ತಿಯುಳ್ಳ ಕಕ್ಷಿಗಳ ವಕೀಲರು ತಮ್ಮೊಳಗೆ ಹಂಚಿಕೊಂಡ ಮಾಹಿತಿಗೂ ಗೋಪ್ಯತೆಯ ರಕ್ಷಣೆಯುಂಟು ಎಂದು ಮಿನ್ನೆಸೋಟದ ಸುಪ್ರೀಂ ಕೋರ್ಟ್ 2022ರಲ್ಲಿ ಮಾನ್ಯ ಮಾಡಿತು. ನಡೆಯುತ್ತಿರುವ ಮೊಕದ್ದಮೆಯಲ್ಲಿ ಇದು ನ್ಯಾಯವೇ. ಎದುರಾಳಿಗೆ ತಂತ್ರ ಬಿಟ್ಟುಕೊಟ್ಟು ವಾದಿಸಲು ಯಾರಿಂದಲೂ ಆಗದು. ಆದರೆ ಮೊಕದ್ದಮೆ ಮುಗಿದು ದಶಕಗಳಾದ ಮೇಲೂ ಆ ಗೋಪ್ಯತೆ ಮುಂದುವರಿಯಬಾರದು. ಇಂತಿಷ್ಟು ವರ್ಷಕ್ಕೆ ಕಡತ ತೆರೆಯಬೇಕೆಂಬ ಗಡುವು ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ದಾಖಲೆಗಾಗಿಯೇ ಹೋರಾಡಿದ ಕೀರ್ತಿಯೂ ಇದೇ ಕಚೇರಿಯದು. 1994ರ ಆಗಸ್ಟ್‌ನಲ್ಲಿ ಅಟಾರ್ನಿ ಜನರಲ್ ಹ್ಯೂಬರ್ಟ್ ಹಂಫ್ರಿ III ಅವರು ಬ್ಲೂ ಕ್ರಾಸ್ ಆರೋಗ್ಯವಿಮಾ ಸಂಸ್ಥೆಯ ಜೊತೆ ಸೇರಿ ತಂಬಾಕು ಕಂಪನಿಗಳ ಮೇಲೆ ದಾವೆ ಹೂಡಿದರು. ಮೊದಲು ದಾವೆ ಹೂಡಿದ್ದು ಮಿಸಿಸಿಪಿ. ಆದರೆ ಕಂಪನಿಗಳ ಒಳಗಿನ ಕಾಗದಗಳನ್ನು ಹೊರಗೆಳೆಯುವುದರಲ್ಲಿ ಮಿನ್ನೆಸೋಟದಷ್ಟು ಹಟ ಹಿಡಿದ ರಾಜ್ಯ ಇನ್ನೊಂದಿಲ್ಲ. ಕೋಟಿಗಟ್ಟಲೆ ಪುಟಗಳು ಮಿನಿಯಾಪೊಲಿಸ್‌ನ ಒಂದು ಸಂಗ್ರಹಾಗಾರಕ್ಕೂ, ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಕಂಪನಿಯವು ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ಗೂ ಬಂದು ಬಿದ್ದವು. ಸಾವಿರಾರು ಕಾಗದಗಳಿಗೆ ಕಂಪನಿಗಳು ವಕೀಲ-ಕಕ್ಷಿದಾರರ ಗೋಪ್ಯತೆಯ ಗುರಾಣಿ ಹಿಡಿದವು. ವಂಚನೆಯನ್ನು ಮುಚ್ಚಿಡಲು ಆ ಗೋಪ್ಯತೆ ಬಳಕೆಯಾಗಬಾರದೆಂಬ ನಿಯಮದಡಿ ನ್ಯಾಯಾಲಯ ಅವನ್ನೂ ತೆರೆಸಿತು. ನಿಕೋಟಿನ್ ಚಟ ಹತ್ತಿಸುತ್ತದೆಂದು ಕಂಪನಿಗಳ ವಿಜ್ಞಾನಿಗಳಿಗೆ ದಶಕಗಳ ಹಿಂದೆಯೇ ಗೊತ್ತಿತ್ತು. ಹದಿಹರೆಯದವರನ್ನು ಮುಂದಿನ ಗ್ರಾಹಕರೆಂದು ಲೆಕ್ಕ ಹಾಕಿದ್ದರು. ಎರಡೂ ಅವರದೇ ಕಾಗದದಲ್ಲಿ ಸಿಕ್ಕಿದವು.

1998ರ ಮೇ 8ರಂದು, ಪ್ರಕರಣ ಇನ್ನೇನು ಜ್ಯೂರಿಯ ಕೈಗೆ ಹೋಗಬೇಕೆನ್ನುವಾಗ, ರಾಜಿಯಾಯಿತು. 25 ವರ್ಷಗಳಲ್ಲಿ ರಾಜ್ಯಕ್ಕೆ ಸುಮಾರು 610 ಕೋಟಿ ಡಾಲರ್, ಬ್ಲೂ ಕ್ರಾಸ್‌ಗೆ 46.9 ಕೋಟಿ ಡಾಲರ್. ಪತ್ರಿಕೆಗಳು ಮೊತ್ತವನ್ನೇ ದೊಡ್ಡದು ಮಾಡಿದವು. ಅದಕ್ಕಿಂತ ದೊಡ್ಡದಾದ ಷರತ್ತೊಂದು ಒಪ್ಪಂದದಲ್ಲಿತ್ತು: ಎರಡೂ ಸಂಗ್ರಹಾಗಾರಗಳನ್ನು ಹತ್ತು ವರ್ಷ ಕಂಪನಿಗಳ ಖರ್ಚಿನಲ್ಲೇ ಸಾರ್ವಜನಿಕರಿಗೆ ತೆರೆದಿಡಬೇಕು. ಅದೇ ವರ್ಷ ನವೆಂಬರ್‌ನಲ್ಲಿ 46 ರಾಜ್ಯಗಳು ಸುಮಾರು 20,600 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡವು. ಹಂಫ್ರಿ ಮಾತ್ರ ಅದೇ ತಿಂಗಳು ಗವರ್ನರ್ ಚುನಾವಣೆಯಲ್ಲಿ ಮೂರನೆಯ ಸ್ಥಾನಕ್ಕೆ ಇಳಿದರು. ತಂಬಾಕಿನ ಹಣದಿಂದ ಮಿನ್ನೆಸೋಟ ಕಟ್ಟಿದ್ದ ನಿಧಿಗಳನ್ನು 2003ರ ಬಜೆಟ್ ಕೊರತೆ ನುಂಗಿತು. ಕಾಗದಗಳು ಉಳಿದವು. 2002ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ತೆರೆದ ಡಿಜಿಟಲ್ ಗ್ರಂಥಾಲಯದಲ್ಲಿ ಅವನ್ನು ಇಂದು ಯಾರು ಬೇಕಾದರೂ ಓದಬಹುದು.

ಗಿಲ್ಡ್‌ಫರ್ಡ್‌ನ ಕಾಗದಗಳ ಒಡೆಯನಾಗಿದ್ದ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ನಮ್ಮ ಐಟಿಸಿಯ ದೊಡ್ಡ ಷೇರುದಾರ ಕಂಪನಿ. ಭಾರತಕ್ಕೆ ಸಂಬಂಧಿಸಿದ ಪತ್ರಗಳೂ ಆ ಸಂಗ್ರಹದಲ್ಲಿವೆ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೇಸಾಯದ ಬಗ್ಗೆ, ಬ್ಯಾರನ್‌ಗಳಲ್ಲಿ ಸೊಪ್ಪು ಬೇಯಿಸುವ ರೈತರ ಬಗ್ಗೆ ಬರೆಯುವ ಕನ್ನಡದ ಸಂಶೋಧಕರು ತಂಬಾಕು ಮಂಡಳಿಯ ವರದಿಗಳಿಗೇ ನಿಲ್ಲದೆ ಈ ಸಂಗ್ರಹವನ್ನೂ ಶೋಧಿಸಬೇಕು. ಅದನ್ನು ಓದಲು ಶುಲ್ಕವಿಲ್ಲ, ಯಾರ ಅನುಮತಿಯೂ ಬೇಕಿಲ್ಲ.