ಆರಿಸಿದವರು ಯಾರು?

ಒಂದೇ ಹೆಸರಿನ ಪದವಿಯು ಎರಡು ದೇಶಗಳಲ್ಲಿ ಎರಡು ಬೇರೆ ಮೂಲಗಳಿಂದ ಹುಟ್ಟಬಹುದು. ಇದಕ್ಕೆ ಲೆಫ್ಟಿನೆಂಟ್ ಗವರ್ನರರ ಪದವಿಯೇ ನಿದರ್ಶನ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ 1777ರಿಂದಲೂ ಮತದಾರರೇ ಈ ಅಧಿಕಾರಿಯನ್ನು ಆರಿಸುತ್ತ ಬಂದರು. ಅಲ್ಲಿ ಅವನು ಸೆನೆಟ್ಟಿನ ಅಧ್ಯಕ್ಷನು. ಗವರ್ನರನು ಮೃತನಾದರೆ ರಾಜ್ಯಭಾರವನ್ನು ವಹಿಸತಕ್ಕವನು. ನಮ್ಮ ಬಂಗಾಳಕ್ಕೆ 1854ರಲ್ಲಿ ಇದೇ ಹೆಸರಿನ ಅಧಿಕಾರಿಯು ನೇಮಕವಾದಾಗ ಅವನ ವಿಷಯದಲ್ಲಿ ಯಾವ ರೈತನ ಅಭಿಪ್ರಾಯವನ್ನೂ ಕೇಳಿರಲಿಲ್ಲ.

ಕುಂದಗೋಳದ ಸ್ಥಿತಿ ಇನ್ನೂ ವಿಚಿತ್ರ. ಸವಾಯಿ ಗಂಧರ್ವರ ಊರಾದ ಈ ಗ್ರಾಮವು ಧಾರವಾಡ ಸೀಮೆಯ ನಡುವೆ ಇದ್ದರೂ ಜಮಖಂಡಿಯ ಪಟವರ್ಧನರಿಗೆ ಸೇರಿತ್ತು. ರಿಪ್ಪನ್ ಪ್ರಭುವಿನ 1882ರ ಸ್ಥಳೀಯ ಸ್ವಯಮಾಡಳಿತದ ನಿರ್ಣಯವು ಆಂಗ್ಲರ ಸೀಮೆಗೆ ಮಾತ್ರ ಅನ್ವಯಿಸುವಂಥದು. ಸಮೀಪದ ಹುಬ್ಬಳ್ಳಿಯು ಅದರ ಒಳಗೆ, ಕುಂದಗೋಳವು ಹೊರಗೆ! ನಡುವೆ ಇದ್ದದ್ದು ಎರೆಹೊಲಗಳಷ್ಟೆ.

ದೇಶೀಯ ಸಂಸ್ಥಾನಗಳಲ್ಲಿ ಮುಂದಡಿಯಿಟ್ಟದ್ದು ಮೈಸೂರು. 1881ನೆಯ ಮಾರ್ಚ್ 25ರಂದು ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಅದೇ ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, ದಿವಾನ್ ರಂಗಾಚಾರ್ಲು ಅವರು 144 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿ, ಆಡಳಿತದ ವರದಿಯನ್ನು ಅವರ ಮುಂದಿಟ್ಟರು. ಸದಸ್ಯರು ಜಮೀನುದಾರರು, ವರ್ತಕರು. ಜನರ ಮತದಿಂದ ಬಂದವರಲ್ಲ. ಕಾನೂನನ್ನು ಮಾಡುವ ಅಧಿಕಾರವೂ ಅವರಿಗಿರಲಿಲ್ಲ, ಅಹವಾಲನ್ನು ಹೇಳಬಹುದಾಗಿತ್ತು. ಆದರೂ ನಾವು ಇದನ್ನು ಹಗುರವಾಗಿ ಎಣಿಸಲಾರೆವು. ಕಚೇರಿಯ ಜಗಲಿಯ ಕೆಳಗೆ ಕೈಕಟ್ಟಿ ನಿಲ್ಲುತ್ತಿದ್ದ ತಾಲ್ಲೂಕಿನ ರೈತನು ದಿವಾನರ ಎದುರಿನಲ್ಲಿ ಎದ್ದುನಿಂತು ಕಂದಾಯದ ಮಾತೆತ್ತುವುದೆಂದರೆ, ಅಮಲ್ದಾರನು ಅಂದಿನಿಂದ ಸ್ವಲ್ಪ ಎಚ್ಚರದಿಂದ ನಡೆಯಬೇಕಾಯಿತೆಂದೇ ಅರ್ಥ.

ಪ್ರತಿನಿಧಿಗಳನ್ನು ಆರಿಸುವ ಹಕ್ಕು ಬಂದದ್ದು 1891ರಲ್ಲಿ, ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. ರಂಗಾಚಾರ್ಲು ಅವರು ಅದನ್ನು ಕಾಣಲಿಲ್ಲ, 1883ರಲ್ಲಿಯೇ ತೀರಿಕೊಂಡಿದ್ದರು. ಆ ಹಕ್ಕಾದರೂ ಸ್ವತ್ತುಳ್ಳವರಿಗೂ ತೆರಿಗೆ ಕೊಡುವವರಿಗೂ ಸಂದದ್ದು. ಕೂಲಿಯವನು ಹೊರಗುಳಿದನು, ಹೆಂಗಸರ ಮಾತಂತೂ ಆಗ ಹೊರಡಲೇ ಇಲ್ಲ. ನ್ಯೂಯಾರ್ಕಿನ ಹೆಂಗಸರಿಗೂ 1917ರವರೆಗೆ ರಾಜ್ಯದ ಚುನಾವಣೆಗಳಲ್ಲಿ ಮತವಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು.

ಜಮಖಂಡಿಯು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1951-52ರ ಮಹಾಚುನಾವಣೆಯಲ್ಲಿ ಕುಂದಗೋಳದ ಗಂಡಸಿಗೂ ಹೆಂಗಸಿಗೂ, ಹೊಲವಿದ್ದವನಿಗೂ ಇಲ್ಲದವನಿಗೂ ಒಂದೊಂದೇ ಮತ. 2018ರಲ್ಲಿ ಅಲ್ಲಿಯ ವಿಧಾನಸಭಾ ಸ್ಥಾನವು ಸಿ. ಎಸ್. ಶಿವಳ್ಳಿಯವರಿಗೆ ದೊರೆತದ್ದು 634 ಮತಗಳ ಅಂತರದಿಂದ. ಅವರು ತೀರಿಕೊಂಡ ಮೇಲೆ, 2019ರ ಉಪಚುನಾವಣೆಯಲ್ಲಿ ಅವರ ಪತ್ನಿ ಕುಸುಮಾವತಿಯವರನ್ನು ಅದೇ ಮತದಾರರು 1,601 ಮತಗಳ ಅಂತರದಿಂದ ಆರಿಸಿದರು.