ಕರಜಗಿ ಸೀಮೆಯ ವಿದ್ಯಾಸ್ಥಾನಗಳೂ ಆನರ್ಸ್ ನಿಬಂಧವೂ

ಪದವಿತರಗತಿಯ ವಿದ್ಯಾರ್ಥಿಯು ವ್ಯಾಸಂಗದ ಕೊನೆಯ ವರ್ಷದಲ್ಲಿ ಒಬ್ಬ ಅಧ್ಯಾಪಕರ ಮಾರ್ಗದರ್ಶನವನ್ನು ಪಡೆದು, ಒಂದು ವಿಷಯವನ್ನು ತಾನೇ ಶೋಧಿಸಿ, ನಿಬಂಧವೊಂದನ್ನು ರಚಿಸಿ, ಅದನ್ನು ಪರೀಕ್ಷಕರ ಮುಂದೆ ಸಮರ್ಥಿಸುವ ಪದ್ಧತಿಗೆ ಆನರ್ಸ್ ನಿಬಂಧವೆಂದು ಹೆಸರು. ಈ ಪದ್ಧತಿಯು ಪಾಶ್ಚಾತ್ಯ ವಿಶ್ವವಿದ್ಯಾನಿಲಯಗಳಿಂದ ಬಂದುದೆಂಬುದು ನಿಜ. ಆದರೆ ಪಾಠವನ್ನು ಒಪ್ಪಿಸುವುದರಿಂದಲೇ ವಿದ್ಯೆಯು ಮುಗಿಯದೆಂಬ ಭಾವನೆಯೂ, ಪ್ರೌಢವ್ಯಾಸಂಗವು ಮುಗಿಯಬೇಕಾದರೆ ಅದರ ವೆಚ್ಚವನ್ನು ಸಮಾಜವೇ ಹೊರಬೇಕೆಂಬ ತಿಳಿವಳಿಕೆಯೂ ಕನ್ನಡ ನಾಡಿಗೆ ಹೊಸವಲ್ಲ. ಅಫಜಲಪುರ ತಾಲೂಕಿನ ಕರಜಗಿಯ ಸುತ್ತಣ ಸೀಮೆಯ ಶಾಸನಗಳನ್ನು ನೋಡಿದರೆ ಈ ಸಂಗತಿಯು ಸ್ಪಷ್ಟವಾಗುವುದು.

ಕರಜಗಿಯು ಭೀಮಾನದಿಯ ಸೀಮೆಯ ಗ್ರಾಮ. ನದಿಯ ಆಚೆಗೆ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ ಸಾಲೋಟಗಿಯಿದೆ. ಪೂರ್ವಕ್ಕೆ ಕಲಬುರಗಿಯನ್ನು ದಾಟಿ ಹೋದರೆ ಚಿತ್ತಾಪುರದ ಬಳಿ ನಾಗಾವಿಯಿದೆ. ಇವೆರಡೂ ಪ್ರಾಚೀನ ಕರ್ಣಾಟಕದ ಪ್ರಸಿದ್ಧ ವಿದ್ಯಾಸ್ಥಾನಗಳು.

ಸಾಲೋಟಗಿಯ ಪ್ರಾಚೀನ ನಾಮವು ಪಾವಿಟ್ಟಗೆ. ಅಲ್ಲಿಯ ಕಂಬದ ಮೇಲಣ ಸಂಸ್ಕೃತ ಶಾಸನವು ಶಕ ವರ್ಷ 867ಕ್ಕೆ, ಎಂದರೆ ಕ್ರಿ. ಶ. 945ಕ್ಕೆ ಸೇರಿದುದು. ರಾಷ್ಟ್ರಕೂಟ ಚಕ್ರವರ್ತಿಯಾದ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ತ್ರಯೀಪುರುಷ ದೇವರ ಸನ್ನಿಧಿಯಲ್ಲಿ ಶಾಲೆಯೊಂದನ್ನು ಕಟ್ಟಿಸಿದನೆಂದೂ, ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರೆಂದೂ ಅದರಿಂದ ತಿಳಿದುಬರುವುದು. ಶಾಲೆಗೆ 500 ನಿವರ್ತನ ಭೂಮಿ, ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ಉಪಾಧ್ಯಾಯನಿಗೆ 50 ನಿವರ್ತನ, ಹೂದೋಟಕ್ಕೆ 4 ನಿವರ್ತನ, ದೀಪಕ್ಕೆ 12 ನಿವರ್ತನ ಎಂದು ಬೇರೆ ಬೇರೆಯಾಗಿ ದತ್ತಿಗಳನ್ನು ಬಿಡಲಾಯಿತು. ಇಷ್ಟೇ ಅಲ್ಲ, ಊರಿನಲ್ಲಿ ಮದುವೆಯಾದಾಗ 5 ನಾಣ್ಯಗಳನ್ನೂ, ಉಪನಯನದಲ್ಲಿ ಅದರ ಅರ್ಧವನ್ನೂ, ಚೌಲದಲ್ಲಿ ಅದರ ಕಾಲುಭಾಗವನ್ನೂ ಶಾಲೆಗೆ ಕೊಡತಕ್ಕದ್ದೆಂದು ನಿಯಮವಾಯಿತು. ದತ್ತಿಯನ್ನು ಬಿಟ್ಟವರು ಹೋದರೂ ಊರಿನಲ್ಲಿ ಮದುವೆ ಮುಂಜಿಗಳು ನಡೆಯುವವರೆಗೆ ಶಾಲೆಗೆ ಆದಾಯವು ನಿಲ್ಲದು. ಓದುವವನು ದೂರದೇಶದವನಾದರೂ ಅವನ ಓದಿನ ಭಾರದಲ್ಲಿ ಊರಿನ ಪ್ರತಿಯೊಂದು ಮನೆಗೂ ಪಾಲಿದ್ದಿತು.

ನಾಗಾವಿಯ ಘಟಿಕಾಸ್ಥಾನವು ಇದಕ್ಕಿಂತ ಒಂದು ಶತಮಾನದ ಈಚಿನದು. ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಅಲ್ಲಿ ದೇವಾಲಯವನ್ನೂ ಘಟಿಕಾಶಾಲೆಯನ್ನೂ ಕಟ್ಟಿಸಿದುದು ಕ್ರಿ. ಶ. 1058ರ ಶಾಸನದಿಂದ ವಿದಿತವಾಗಿದೆ. ಅಲ್ಲಿ ವೇದಾಧ್ಯಯನ ಮಾಡುವ 200 ಮಂದಿಗೂ ಶಾಸ್ತ್ರಗಳನ್ನು ಓದುವ ಐವತ್ತರಷ್ಟು ಮಂದಿಗೂ ಅಶನವಸನಗಳ ಏರ್ಪಾಡಿದ್ದಿತು. ವೇದಕ್ಕೆ ಮೂವರು ಅಧ್ಯಾಪಕರು. ಭಟ್ಟದರ್ಶನ, ನ್ಯಾಸ, ಪ್ರಾಭಾಕರ ಈ ಮೂರು ಶಾಸ್ತ್ರಗಳಿಗೆ ಮೂವರು. ಅವರ ಜೊತೆಗೆ ಸರಸ್ವತೀಭಂಡಾರಿಕರು, ಎಂದರೆ ಪುಸ್ತಕಭಂಡಾರವನ್ನು ನೋಡಿಕೊಳ್ಳುವವರು, ಆರು ಮಂದಿ.

ಅಧ್ಯಾಪಕರು ಎಷ್ಟು ಮಂದಿಯೋ ಪುಸ್ತಕಪಾಲಕರೂ ಅಷ್ಟೇ ಮಂದಿ ಎಂಬುದನ್ನು ವಿದ್ವಾಂಸರು ವಿಶೇಷವಾಗಿ ಗಮನಿಸತಕ್ಕದ್ದು. ವೇದವು ಬಾಯಿಪಾಠದಿಂದ ಬರುವ ವಿದ್ಯೆ. ಆದರೆ ಭಾಟ್ಟ ಪ್ರಾಭಾಕರಗಳು ಒಂದನ್ನೊಂದು ಖಂಡಿಸುವ ಮೀಮಾಂಸಾಮತಗಳು. ನ್ಯಾಸವು ಕಾಶಿಕಾವೃತ್ತಿಯ ಮೇಲಣ ವ್ಯಾಖ್ಯಾನ. ಇಂತಹ ವಿಷಯಗಳಲ್ಲಿ ಒಂದು ಪಕ್ಷವನ್ನು ಹಿಡಿದು ನಿಲ್ಲಬೇಕಾದವನು ಎದುರು ಪಕ್ಷದ ಗ್ರಂಥವನ್ನೂ ಬಿಚ್ಚಿ ನೋಡಬೇಕು. ಪೂರ್ವಪಕ್ಷವನ್ನು ಎದುರಾಳಿಯೇ ಒಪ್ಪುವಂತೆ ನಿರೂಪಿಸಿ, ಅನಂತರ ಸಿದ್ಧಾಂತವನ್ನು ಹೇಳುವ ಶಾಸ್ತ್ರಕ್ರಮವು ಇಂದಿನ ನಿಬಂಧದ ಕ್ರಮಕ್ಕೆ ಬಹಳ ಸಮೀಪವಾದುದು. ಒಂದೇ ಘಟಿಕೆಯಲ್ಲಿ ಪರಸ್ಪರವಿರುದ್ಧವಾದ ಎರಡು ದರ್ಶನಗಳಿಗೂ ಅಧ್ಯಾಪಕರನ್ನು ನೇಮಿಸಿದುದು ಆಕಸ್ಮಿಕವಾಗಿರಲಾರದು.

ವ್ಯಾಸಂಗವು ಅರ್ಧದಲ್ಲಿಯೇ ನಿಂತುಹೋದ ಉದಾಹರಣೆಯೂ ಕನ್ನಡ ನಾಡಿನ ಇತಿಹಾಸದಲ್ಲಿ ಮರೆಯಲಾಗದಂತಹದು. ಮಯೂರಶರ್ಮನು ತನ್ನ ಗುರುವಾದ ವೀರಶರ್ಮನೊಡನೆ ಪಲ್ಲವರ ರಾಜಧಾನಿಗೆ ಹೋಗಿ, ಸಕಲವಿದ್ಯೆಗಳನ್ನೂ ಅರಿಯಬೇಕೆಂದು ಘಟಿಕೆಯನ್ನು ಪ್ರವೇಶಿಸಿದನೆಂದು ತಾಳಗುಂದದ ಶಾಸನವು ಹೇಳುತ್ತದೆ. ಅಲ್ಲಿ ಪಲ್ಲವರ ಕಡೆಯವರೊಡನೆ ಉಂಟಾದ ಕಲಹದಿಂದ ಅವನು ದರ್ಭೆಯನ್ನು ಹಿಡಿದ ಕೈಯಲ್ಲಿ ಖಡ್ಗವನ್ನು ಹಿಡಿದನು. ಆ ಓದು ನಿಂತುದರಿಂದ ಕದಂಬರಾಜ್ಯವು ಹುಟ್ಟಿತು. ಓದನ್ನು ಬಿಟ್ಟ ವಿದ್ಯಾರ್ಥಿಗಳೆಲ್ಲರೂ ರಾಜ್ಯವನ್ನು ಕಟ್ಟಿದವರಲ್ಲ. ಅವರಲ್ಲಿ ಅಧಿಕಾಂಶ ಜನರ ಹೆಸರು ಯಾವ ಶಿಲೆಯಲ್ಲಿಯೂ ಇಲ್ಲ.

ಆಧುನಿಕ ಕಾಲದಲ್ಲಿ ಕರಜಗಿಯ ಸೀಮೆಗೆ ಉನ್ನತ ವಿದ್ಯೆಯು ಬಹು ದೂರದಲ್ಲಿದ್ದಿತು. 1948ರವರೆಗೆ ಈ ಪ್ರದೇಶವು ನಿಜಾಮ ಸಂಸ್ಥಾನಕ್ಕೆ ಸೇರಿದ್ದುದರಿಂದ ಇಲ್ಲಿಯವರಿಗೆ ಸಂಸ್ಥಾನದ ವಿಶ್ವವಿದ್ಯಾನಿಲಯವೆಂದರೆ ಹೈದರಾಬಾದಿನಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವೇ. ದೇಶಭಾಷೆಯೊಂದನ್ನು ಉನ್ನತ ಶಿಕ್ಷಣದ ಮಾಧ್ಯಮವಾಗಿ ಮಾಡಿದ ಕೀರ್ತಿಯು ಅದಕ್ಕೆ ಸಲ್ಲುವುದು. ಆದರೆ ಆ ಭಾಷೆಯು ಉರ್ದು. ಕನ್ನಡಿಗನು ಇನ್ನೊಂದು ಭಾಷೆಯನ್ನು ಕರಗತ ಮಾಡಿಕೊಂಡಲ್ಲದೆ ತನ್ನ ವಿಚಾರವನ್ನು ಪರೀಕ್ಷಕನಿಗೆ ತಿಳಿಸುವಂತಿರಲಿಲ್ಲ. ಅತ್ತ 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಆನರ್ಸ್ ತರಗತಿಯೂ ಕಾಲಕ್ರಮದಲ್ಲಿ ನಡೆಯಿತು. 1956ರ ಏಕೀಕರಣದ ತರುವಾಯ ಕಲಬುರಗಿಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯಕ್ಕೆ ಸೇರಿದವು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾನಿಲಯವೂ, 2009ರಲ್ಲಿ ಆಳಂದ ತಾಲೂಕಿನ ಕಡಗಂಚಿಯಲ್ಲಿ ನೆಲೆಗೊಂಡ ಕೇಂದ್ರೀಯ ವಿಶ್ವವಿದ್ಯಾನಿಲಯವೂ ಉಂಟಾದವು. ಹೀಗೆ ಹೈದರಾಬಾದಿನಷ್ಟು ದೂರವಿದ್ದ ವಿಶ್ವವಿದ್ಯಾನಿಲಯವು ನೆರೆಯ ತಾಲೂಕಿನವರೆಗೆ ಬಂದಿತು.

ಆನರ್ಸ್ ಎಂಬ ಶಬ್ದದ ಅರ್ಥವೂ ಈ ನಡುವೆ ಬದಲಾಯಿತು. ಇಂಗ್ಲೆಂಡಿನ ಸಂಪ್ರದಾಯದಲ್ಲಿ ಅದು ಮುಖ್ಯವಾಗಿ ಪರೀಕ್ಷೆಯಲ್ಲಿ ಪಡೆದ ವೈಶಿಷ್ಟ್ಯ. ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜು 1922ರಲ್ಲಿ ಹೊರಗಣ ಪರೀಕ್ಷಕರನ್ನು ಕರೆಯಿಸುವ ಆನರ್ಸ್ ಕ್ರಮವನ್ನು ಪ್ರಾರಂಭಿಸಿದ ಮೇಲೆ ಸ್ವತಂತ್ರವ್ಯಾಸಂಗಕ್ಕೆ ಅಲ್ಲಿಯ ಕಾಲೇಜುಗಳಲ್ಲಿ ಹೆಚ್ಚಿನ ಪ್ರಾಶಸ್ತ್ಯವು ಬಂದಿತು. ಭಾರತದಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ನಾಲ್ಕು ವರ್ಷಗಳ ಪದವಿಯನ್ನು ಸೂಚಿಸಿತು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2022ರ ಡಿಸೆಂಬರಿನ ಚೌಕಟ್ಟಿನ ಪ್ರಕಾರ ಮೂರು ವರ್ಷಗಳ ಪದವಿಗೆ 120 ಕ್ರೆಡಿಟ್‌ಗಳು, ನಾಲ್ಕು ವರ್ಷಗಳ ಆನರ್ಸಿಗೆ 160. ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡಾ 75 ಅಂಕಗಳನ್ನು ಪಡೆದವರು ಸಂಶೋಧನಾಸಹಿತ ಆನರ್ಸನ್ನು ಆರಿಸಿಕೊಳ್ಳಬಹುದು. ಅವರ ನಿಬಂಧಕ್ಕೆ 12 ಕ್ರೆಡಿಟ್‌ಗಳು. ಎಂದರೆ ನಾಲ್ಕನೆಯ ವರ್ಷದ 40ರಲ್ಲಿ ಸುಮಾರು ಮೂರನೆಯ ಒಂದು ಭಾಗವು ವಿದ್ಯಾರ್ಥಿಯ ಸ್ವಂತ ಶೋಧನೆಗೇ ಮೀಸಲು.

ಈ ನೀತಿಯನ್ನು 2021ರಲ್ಲಿಯೇ ಜಾರಿಗೆ ತಂದು ಕರ್ನಾಟಕವು ಉಳಿದ ರಾಜ್ಯಗಳಿಗೆ ಮೊದಲಾಯಿತು. ಆದರೆ ಪ್ರೊ. ಸುಖದೇವ ಥೋರಟ್ ಅವರ ಅಧ್ಯಕ್ಷತೆಯ ಆಯೋಗದ ಮಧ್ಯಂತರ ವರದಿಯನ್ನು ಅನುಸರಿಸಿ, 2024ರ ಮೇ ತಿಂಗಳಿನಲ್ಲಿ ರಾಜ್ಯ ಸರ್ಕಾರವು 2024–25ರಿಂದ ಮೂರು ವರ್ಷಗಳ ಪದವಿಗೆ ಹಿಂದಿರುಗಿತು. ನಡುವಣ ಮೂರು ಸಾಲುಗಳಲ್ಲಿ ಸೇರಿದವರಿಗೆ ಮಾತ್ರ ಹಿಂದಿನ ಕ್ರಮವು ಉಳಿಯಿತು. ಒಂದು ಪದ್ಧತಿಯು ಬೇರೂರುವುದಕ್ಕೆ ಮೊದಲೇ ನಿಂತಿತೆಂದು ಕೆಲವರೂ, ಬಡಮನೆಗಳಿಗೆ ಒಂದು ವರ್ಷದ ಭಾರವು ತಪ್ಪಿತೆಂದು ಕೆಲವರೂ ಹೇಳುವರು. ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ.

ಸಾಲೋಟಗಿ ನಾಗಾವಿಗಳ ಶಾಸನಗಳು ಈ ವಿವಾದಕ್ಕೆ ಬೇರೊಂದು ಬೆಳಕನ್ನು ನೀಡುವುವು. ವ್ಯಾಸಂಗದ ಕಾಲವೆಷ್ಟು ಎಂಬುದಕ್ಕಿಂತ ಆ ಕಾಲದಲ್ಲಿ ವಿದ್ಯಾರ್ಥಿಯು ಎಲ್ಲಿ ಮಲಗುವನು, ಏನನ್ನು ಉಣ್ಣುವನು, ರಾತ್ರಿಯ ದೀಪಕ್ಕೆ ಎಣ್ಣೆಯೆಲ್ಲಿಯದು, ಕೇಳಿದ ಪುಸ್ತಕವನ್ನು ತೆಗೆದುಕೊಡುವವರು ಯಾರು ಎಂಬುದನ್ನೇ ಅವು ಲೆಕ್ಕವಿಟ್ಟು ಕೆತ್ತಿಸಿವೆ. ಆ ಶಾಲೆಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ಮರೆಯಲಾಗದು. ವೇದಶಾಸ್ತ್ರಗಳ ಅಧಿಕಾರವು ಕೆಲವರದಾಗಿದ್ದ ಕಾಲವದು. ಇಂದು ಭೀಮಾತೀರದ ಒಕ್ಕಲಿನ ಮಗಳೂ ಕೂಲಿಕಾರನ ಮಗನೂ ಪದವಿಗೆ ಬರುವರು. ಬರುವವರ ಸಮೂಹವು ದೊಡ್ಡದಾದಷ್ಟೂ ದತ್ತಿಯೂ ದೊಡ್ಡದಾಗಬೇಕಾದುದು ನ್ಯಾಯ. ಮಾರ್ಗದರ್ಶಕನೂ ಪುಸ್ತಕವೂ ವಸತಿಯೂ ಇಲ್ಲದೆ ನಾಲ್ಕನೆಯ ವರ್ಷವನ್ನು ಮಾತ್ರ ಕೊಟ್ಟರೆ ಅದು ಬರಿಯ ಭಾರ. ಇವನ್ನು ಕೊಟ್ಟರೆ ಮೂರನೆಯ ವರ್ಷದಲ್ಲಿಯೇ ಒಂದು ಚಿಕ್ಕ ನಿಬಂಧವು ಸಾಧ್ಯ.

ಅಂತಹ ನಿಬಂಧಕ್ಕೆ ವಿಷಯವನ್ನು ಹುಡುಕಿಕೊಂಡು ಕರಜಗಿಯ ವಿದ್ಯಾರ್ಥಿಯು ದೂರ ಹೋಗಬೇಕಾದುದಿಲ್ಲ. ಸಾಲೋಟಗಿಯ ಶಾಸನಪಾಠವನ್ನು ಎದುರಿಗಿಟ್ಟುಕೊಂಡು, ನಿವರ್ತನವೆಂದರೆ ಎಷ್ಟು ನೆಲ, 27 ಮನೆಗಳಲ್ಲಿ ಎಷ್ಟು ಮಂದಿ ಇದ್ದಿರಬಹುದು, ದೀಪದ ದತ್ತಿಯು ಹೂದೋಟದ ದತ್ತಿಗಿಂತ ಮೂರು ಪಾಲು ಏಕಾಯಿತು ಎಂಬ ಪ್ರಶ್ನೆಗಳನ್ನು ಅವನು ಹಾಕಿಕೊಳ್ಳಲಿ. ಆಧಾರಗಳನ್ನು ತೂಗಿ ನೋಡಿ, ಪೂರ್ವಪಕ್ಷವನ್ನು ಹೇಳಿ, ತನ್ನ ನಿರ್ಣಯವನ್ನು ಹತ್ತು ಜನ ಬಲ್ಲವರ ಮುಂದೆ ನಿಂತು ಸಮರ್ಥಿಸಿದನೆಂದರೆ ಅವನ ಪದವಿಯು ಹೆಸರಿನಲ್ಲಿ ಆನರ್ಸ್ ಆಗಿರಲಿ, ಇಲ್ಲದಿರಲಿ, ನಾಗಾವಿಯ ಘಟಿಕೆಯವರೂ ಅದನ್ನು ವಿದ್ಯೆಯೆಂದೇ ಒಪ್ಪುತ್ತಿದ್ದರು.