ಶಾಸನಗಳ ಅನುಕ್ರಮವೂ ಫಂಕ್ಷನ್ನಿನ ವಿನಿಯೋಗವೂ

ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳು ತಾಲ್ಲೂಕುವಾರು ಅಡಕವಾಗಿವೆ. ಚರಿತ್ರಕಾರನಿಗಾದರೋ ಅವೇ ಶಾಸನಗಳು ಕಾಲಾನುಕ್ರಮದಲ್ಲಿಯೂ ರಾಜವಂಶಾನುಕ್ರಮದಲ್ಲಿಯೂ ಬೇಕಾಗುತ್ತವೆ. ಗಣಕದಲ್ಲಿ ಇದನ್ನು ಸಾಧಿಸುವ ಕ್ರಮಕ್ಕೂ ಒಂದು ಇತಿಹಾಸವುಂಟು.

ಗೀಡೊ ವಾನ್ ರೋಸಮ್ 1991ರಲ್ಲಿ ಹೊರತಂದ ಪೈಥಾನ್ ಭಾಷೆಯಲ್ಲಿ ಪಟ್ಟಿಯೂ ಒಂದು ಆಬ್ಜೆಕ್ಟ್, ಫಂಕ್ಷನ್ನೂ ಒಂದು ಆಬ್ಜೆಕ್ಟ್. ಆದುದರಿಂದ ಅನುಕ್ರಮಗೊಳಿಸುವ ಫಂಕ್ಷನ್ನಿಗೆ ಶಾಸನಗಳ ಪಟ್ಟಿಯೊಡನೆ, ಪ್ರತಿಯೊಂದು ಶಾಸನದ ವರ್ಷವನ್ನು ತಿಳಿಸುವ ಮತ್ತೊಂದು ಫಂಕ್ಷನ್ನನ್ನೂ ಒಪ್ಪಿಸಬಹುದು. ಹಾಗೆ ಒಪ್ಪಿಸುವಾಗ ಅದರ ಹೆಸರನ್ನಷ್ಟೇ ಬರೆಯತಕ್ಕದ್ದು. ಹೆಸರಿನ ಅನಂತರ ಆವರಣಚಿಹ್ನೆಗಳನ್ನಿಟ್ಟರೆ ಅದು ಆಗಲೇ ನಡೆದು, ಅದರ ಫಲ ಮಾತ್ರ ಸಲ್ಲುತ್ತದೆ.

ಇದು ಪೈಥಾನಿನ ನೂತನ ಸೃಷ್ಟಿಯೆಂದು ಭಾವಿಸುವುದು ಸರಿಯಲ್ಲ. 1930ರ ದಶಕದಲ್ಲಿ ಅಲೋಂಜೊ ಚರ್ಚ್ ರೂಪಿಸಿದ ಲ್ಯಾಂಬ್ಡಾ ಕಲನದಲ್ಲಿ ಇದರ ಮೂಲವಿದೆ. 1958ರಲ್ಲಿ ಜಾನ್ ಮೆಕಾರ್ಥಿ ಆರಂಭಿಸಿದ ಲಿಸ್ಪ್ ಭಾಷೆ ಇದನ್ನು ಯಂತ್ರಕ್ಕೆ ಅಳವಡಿಸಿತು. 1995ರಲ್ಲಿ ಬಂದ ಜಾವಾ ಭಾಷೆಗಾದರೋ ಲ್ಯಾಂಬ್ಡಾ ರೂಪ ದೊರೆತದ್ದು 2014ರಲ್ಲಿ.

ಚರಿತ್ರಕಾರನಿಗೆ ಇದರಿಂದ ಆಗುವ ಪ್ರಯೋಜನವೇನು? ಹೆಬ್ಬಾಳದ ಕಿಟ್ಟಯ್ಯನ ವೀರಗಲ್ಲಿನಲ್ಲಿ ಗಂಗರ ಶ್ರೀಪುರುಷನ ಹೆಸರಿದೆ, ಶಕವರ್ಷವಿಲ್ಲ. ಅದನ್ನು ಸುಮಾರು ಕ್ರಿ.ಶ. 750ಕ್ಕೆ ಸೇರಿಸಿರುವುದು ವಿದ್ವಾಂಸರ ನಿರ್ಣಯ. ಇಂತಹ ಶಾಸನದ ಸ್ಥಾನವನ್ನು ಗೊತ್ತುಪಡಿಸುವ ನಿಯಮವು ಸಿದ್ಧ ಸಾಧನದೊಳಗೆ ಹುದುಗಿದ್ದರೆ ಊಹೆಯೂ ಪ್ರಮಾಣದಂತೆ ತೋರುವುದು. ಅದೇ ನಿಯಮ ಪ್ರತ್ಯೇಕ ಫಂಕ್ಷನ್ನಾಗಿ ಹೊರಗಿದ್ದರೆ, ಅನ್ಯರು ಅದನ್ನು ಓದಿ, ಪರೀಕ್ಷಿಸಿ, ಬೇಕಾದಲ್ಲಿ ಬದಲಾಯಿಸಬಹುದು. ಅನುಕ್ರಮಗೊಳಿಸುವ ಶ್ರಮ ಯಂತ್ರದ್ದು. ಕಾಲನಿರ್ಣಯದ ಹೊಣೆ ಚರಿತ್ರಕಾರನದೇ.